ರೈಲು, ಬಸ್ಸು, ಮೆಟ್ರೊದಲ್ಲಿ ಕಟ್ಟಿದ ದಂಡ ನೌಕರಿಗೆ ಅಡ್ಡ ಬರುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜಿನ ದಿನಗಳಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದು ಇನ್ನೂರೈವತ್ತೋ ಐನೂರೋ ರೂಪಾಯಿ ದಂಡ ಕಟ್ಟಿದವರು, ನಾಲ್ಕೈದು ವರ್ಷಗಳ ನಂತರ ನೌಕರಿಯ ಆದೇಶ ಕೈಗೆ ಬಂದ ದಿನ ಆ ದಂಡವನ್ನು ನೆನೆದು ನಿದ್ದೆಗೆಡುತ್ತಾರೆ. ನೇಮಕಾತಿಯ ಅರ್ಜಿ, ನಮೂನೆಗಳನ್ನು ತುಂಬಲು ನೆರವಾಗುವ ಕೆಲಸದಲ್ಲಿ ಇಂಥವರನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ದಂಡದಿಂದ ನೌಕರಿ ಕಳೆದುಕೊಂಡವರಿಗಿಂತ, ಆ ದಂಡಕ್ಕೆ ಹೆದರಿ ನಮೂನೆಯಲ್ಲಿ ತಪ್ಪು ಬರೆದು ತೊಂದರೆಗೆ ಸಿಲುಕಿದವರೇ ಹೆಚ್ಚು. ಆದ್ದರಿಂದ ಕಾನೂನು ಏನು ಹೇಳುತ್ತದೆ, ಪರಿಶೀಲನೆ ಹೇಗೆ ನಡೆಯುತ್ತದೆ ಎಂಬುದನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ರೈಲಿನಲ್ಲಿ ಟಿಕೆಟ್ ತಪಾಸಕರಿಗೆ ದಂಡ ಕಟ್ಟಿದ್ದೇನೆ. ನನ್ನ ಮೇಲೆ ಕ್ರಿಮಿನಲ್ ಪ್ರಕರಣ ಇದ್ದಂತೆ ಆಯಿತೇ?

ಬಹುಮಟ್ಟಿಗೆ ಇಲ್ಲ. 1989ರ ರೈಲ್ವೆ ಕಾಯ್ದೆಯಲ್ಲಿ ಇದಕ್ಕೆ ಸಂಬಂಧಿಸಿದ ಎರಡು ಬೇರೆ ಬೇರೆ ಕಲಮುಗಳಿವೆ. ಈ ಎರಡರ ನಡುವಿನ ವ್ಯತ್ಯಾಸ ತಿಳಿದರೆ ಅರ್ಧ ಚಿಂತೆ ಕಳೆಯುತ್ತದೆ.

ಮೊದಲನೆಯದು 138ನೇ ಕಲಮು. ಟಿಕೆಟ್ ಇಲ್ಲದೆ, ಅಥವಾ ಇರುವ ಟಿಕೆಟ್ಟಿಗಿಂತ ಮೇಲಿನ ದರ್ಜೆಯಲ್ಲಿ, ಇಲ್ಲವೇ ಟಿಕೆಟ್ ಇರುವ ಊರನ್ನು ದಾಟಿ ಪ್ರಯಾಣಿಸಿದವರಿಂದ ಪ್ರಯಾಣದರದ ಜೊತೆಗೆ ಹೆಚ್ಚುವರಿ ಶುಲ್ಕವನ್ನು ವಸೂಲು ಮಾಡುವ ಅಧಿಕಾರವನ್ನು ಇದು ತಪಾಸಕರಿಗೆ ಕೊಡುತ್ತದೆ. ಆ ಶುಲ್ಕ ಪ್ರಯಾಣದರದಷ್ಟೇ ಮೊತ್ತ ಅಥವಾ 250 ರೂಪಾಯಿ, ಇವುಗಳಲ್ಲಿ ಯಾವುದು ಹೆಚ್ಚೋ ಅದು. ನಾವು ಆಡುಮಾತಿನಲ್ಲಿ ಇದನ್ನು ದಂಡವೆಂದರೂ ಇದು ನ್ಯಾಯಾಲಯ ವಿಧಿಸಿದ ದಂಡವಲ್ಲ. ಇಲ್ಲಿ ಆರೋಪಪಟ್ಟಿಯಿಲ್ಲ, ವಿಚಾರಣೆಯಿಲ್ಲ, ಯಾರೂ ನಿಮ್ಮನ್ನು ಅಪರಾಧಿಯೆಂದು ತೀರ್ಮಾನಿಸಿಲ್ಲ. ಹಣ ಕಟ್ಟಿ ರಸೀದಿ ಪಡೆದಿರಿ, ವ್ಯವಹಾರ ಅಲ್ಲಿಗೆ ಮುಗಿಯಿತು.

ಎರಡನೆಯದು 137ನೇ ಕಲಮು. ಇದು ವಂಚಿಸುವ ಉದ್ದೇಶದಿಂದ ಟಿಕೆಟ್ ಇಲ್ಲದೆ ಪ್ರಯಾಣಿಸುವುದಕ್ಕೆ ಸಂಬಂಧಿಸಿದ್ದು. ಇದಕ್ಕೆ ಆರು ತಿಂಗಳವರೆಗಿನ ಕಾರಾಗೃಹವಾಸ, ಅಥವಾ ಸಾವಿರ ರೂಪಾಯಿವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಬಹುದು. ವಿಶೇಷ ಕಾರಣವಿಲ್ಲದೆ ದಂಡ 500 ರೂಪಾಯಿಗಿಂತ ಕಡಿಮೆ ಇರುವಂತಿಲ್ಲ. ಈ ದಂಡವನ್ನು ವಿಧಿಸುವವರು ಮ್ಯಾಜಿಸ್ಟ್ರೇಟರು. ಅಂದರೆ ಇದು ಅಪರಾಧ ಸಾಬೀತಾಗಿ ವಿಧಿಸಿದ ಶಿಕ್ಷೆ. ಹಳಿ ದಾಟಿದ್ದಕ್ಕೆ 147ನೇ ಕಲಮಿನ ಕೆಳಗೆ, ವಿನಾಕಾರಣ ಚೈನು ಎಳೆದಿದ್ದಕ್ಕೆ 141ನೇ ಕಲಮಿನ ಕೆಳಗೆ ಮ್ಯಾಜಿಸ್ಟ್ರೇಟರ ಮುಂದೆ ಕಟ್ಟಿದ ದಂಡವೂ ಇದೇ ಗುಂಪಿಗೆ ಸೇರುತ್ತದೆ.

ನಾನು ಕಟ್ಟಿದ್ದು ಇವುಗಳಲ್ಲಿ ಯಾವುದು ಎಂದು ತಿಳಿಯುವುದು ಹೇಗೆ?

ರಸೀದಿಯನ್ನು ಹುಡುಕಿ ನೋಡಿ. ತಪಾಸಕರು ಕೊಡುವ ಚೀಟಿಯಲ್ಲಿ ರೈಲಿನ ಸಂಖ್ಯೆ, ಎಲ್ಲಿಂದ ಎಲ್ಲಿಗೆ, ಪ್ರಯಾಣದರ ಎಷ್ಟು, ಹೆಚ್ಚುವರಿ ಶುಲ್ಕ ಎಷ್ಟು ಎಂಬ ಲೆಕ್ಕ ಬೇರೆ ಬೇರೆಯಾಗಿ ಇರುತ್ತದೆ. ಪ್ರಯಾಣದರದ ಅಂಕಿ ಇದ್ದರೆ ಅದು 138ರ ವಸೂಲಿ ಎಂದು ತಿಳಿಯಬಹುದು. ನ್ಯಾಯಾಲಯದ ರಸೀದಿಯಲ್ಲಿ ಪ್ರಯಾಣದರ ಇರುವುದಿಲ್ಲ. ಅದರಲ್ಲಿ ಪ್ರಕರಣದ ಸಂಖ್ಯೆ, ಕಲಮು, ನ್ಯಾಯಾಲಯದ ಹೆಸರು ಇರುತ್ತವೆ.

ರಸೀದಿ ಕಳೆದುಹೋಗಿದ್ದರೆ ಅಂದಿನ ಘಟನೆಯನ್ನು ನೆನಪಿಸಿಕೊಳ್ಳಿ. ನಿಮ್ಮನ್ನು ರೈಲ್ವೆ ರಕ್ಷಣಾ ದಳದ ಠಾಣೆಗೆ ಕರೆದೊಯ್ದಿದ್ದರೇ? ಕಾಗದದ ಮೇಲೆ ಸಹಿ ಹಾಕಿಸಿಕೊಂಡಿದ್ದರೇ? ಮ್ಯಾಜಿಸ್ಟ್ರೇಟರ ಮುಂದೆ ಸಾಲಾಗಿ ನಿಲ್ಲಿಸಿ, ಹೆಸರು ಕೂಗಿ, ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ಕೇಳಿದ್ದರೇ? ದೊಡ್ಡ ನಿಲ್ದಾಣಗಳಲ್ಲಿ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲೇ ತಪಾಸಣೆ ನಡೆಯುವುದುಂಟು. ಅಲ್ಲಿ ಸಂಕ್ಷಿಪ್ತ ವಿಚಾರಣೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಸರದಿಯಲ್ಲಿ ನಿಂತ ಹುಡುಗನಿಗೆ ತಾನು ನ್ಯಾಯಾಲಯದಲ್ಲಿದ್ದೇನೆ ಎಂಬ ಅರಿವೂ ಇರುವುದಿಲ್ಲ. "ಹೌದು ಸಾರ್" ಎಂದು ತಲೆಯಾಡಿಸಿ, ಹಣ ಕಟ್ಟಿ, ಮುಂದಿನ ರೈಲು ಹಿಡಿಯುತ್ತಾನೆ. ಆ "ಹೌದು" ಎಂಬುದೇ ತಪ್ಪೊಪ್ಪಿಗೆ ಎಂಬುದು ನಮೂನೆ ತುಂಬುವ ದಿನ ಗೊತ್ತಾಗುತ್ತದೆ.

ಈಗ ದಂಡ ಕಟ್ಟುತ್ತಿರುವವರಿಗೆ ಒಂದು ಮಾತು. ಯಂತ್ರದಿಂದ ಬರುವ ರಸೀದಿಯ ಅಕ್ಷರಗಳು ಕೆಲವೇ ತಿಂಗಳಲ್ಲಿ ಮಾಸಿ, ಬಿಳಿಯ ಚೀಟಿ ಮಾತ್ರ ಉಳಿಯುತ್ತದೆ. ಅದೇ ದಿನ ಅದರ ಫೋಟೊ ತೆಗೆದು ಇಟ್ಟುಕೊಳ್ಳಿ.

ಬಸ್ಸಿನಲ್ಲಿ, ಮೆಟ್ರೊದಲ್ಲಿ ಕಟ್ಟಿದ ದಂಡದ ವಿಷಯವೇನು?

ಬಸ್ಸಿನಲ್ಲಿ ಟಿಕೆಟ್ ಇಲ್ಲದ ಪ್ರಯಾಣಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 178ನೇ ಕಲಮಿನ ಪ್ರಕಾರ 500 ರೂಪಾಯಿವರೆಗೆ ದಂಡವಿದೆ. ಬಿಎಂಟಿಸಿ, ಕೆಎಸ್‌ಆರ್‌ಟಿಸಿ ತನಿಖಾ ಸಿಬ್ಬಂದಿ ಇದನ್ನು ಸಾಮಾನ್ಯವಾಗಿ ಸ್ಥಳದಲ್ಲೇ ಕಟ್ಟಿಸಿಕೊಂಡು ರಸೀದಿ ಕೊಡುತ್ತಾರೆ. ವಿಷಯ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಅಪರೂಪ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರ ಪ್ರಯಾಣ ಉಚಿತವಾದರೂ ಶೂನ್ಯ ದರದ ಟಿಕೆಟ್ಟನ್ನು ಕೇಳಿ ಪಡೆಯಲೇಬೇಕು ಎಂಬುದನ್ನು ಇಲ್ಲೇ ನೆನಪಿಸುತ್ತೇನೆ.

ಮೆಟ್ರೊಗೆ 2002ರ ಮೆಟ್ರೊ ರೈಲ್ವೆ ಕಾಯ್ದೆ ಅನ್ವಯಿಸುತ್ತದೆ. ಸರಿಯಾದ ಟಿಕೆಟ್ ಇಲ್ಲದವರು ಪ್ರಯಾಣದರದ ಜೊತೆಗೆ 50 ರೂಪಾಯಿ ಹೆಚ್ಚುವರಿ ಕಟ್ಟಬೇಕೆಂದು ಅದರ 69ನೇ ಕಲಮು ಹೇಳುತ್ತದೆ. ಇದೂ ರೈಲಿನ 138ರ ಜಾತಿಗೇ ಸೇರಿದ ವಸೂಲಿ. ಹಳಿಗೆ ಇಳಿಯುವುದು, ಗಲಾಟೆ ಮಾಡುವುದು ಇವೆಲ್ಲ ಅದೇ ಕಾಯ್ದೆಯಲ್ಲಿ ಬೇರೆ ಅಪರಾಧಗಳು.

ಖಾಸಗಿ ಕಂಪನಿಯ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ಈ ದಂಡ ಕಾಣಿಸುತ್ತದೆಯೇ?

ತಪಾಸಕರಿಗೆ ಕಟ್ಟಿದ ದಂಡ ಕಾಣಿಸುವುದಿಲ್ಲ. ಕಂಪನಿಗಳು ಈ ಕೆಲಸವನ್ನು ಬೇರೊಂದು ಪರಿಶೀಲನಾ ಸಂಸ್ಥೆಗೆ ವಹಿಸುತ್ತವೆ. ಆ ಸಂಸ್ಥೆಯವರು ನಿಮ್ಮ ಅಂಕಪಟ್ಟಿಯನ್ನು ವಿಶ್ವವಿದ್ಯಾಲಯದಲ್ಲಿ, ಹಿಂದಿನ ಕೆಲಸದ ಅವಧಿಯನ್ನು ಹಳೆಯ ಕಂಪನಿಯಲ್ಲಿ, ವಿಳಾಸವನ್ನು ಮನೆಗೆ ಬಂದು ವಿಚಾರಿಸುತ್ತಾರೆ. ಅಪರಾಧದ ಭಾಗಕ್ಕೆ ಅವರ ಮುಂದಿರುವ ದಾರಿಗಳು ಎರಡೇ: ಇ-ಕೋರ್ಟ್ಸ್ ಮೊದಲಾದ ಸಾರ್ವಜನಿಕ ನ್ಯಾಯಾಲಯ ದಾಖಲೆಗಳಲ್ಲಿ ಹೆಸರು ಹುಡುಕುವುದು, ಅಥವಾ ನಿಮ್ಮಿಂದಲೇ ಅರ್ಜಿ ಹಾಕಿಸಿ ಪೊಲೀಸ್ ಪರಿಶೀಲನಾ ಪತ್ರ ತರಿಸುವುದು. ಪೊಲೀಸರ ಅಪರಾಧ ದತ್ತಾಂಶ ಜಾಲ ಖಾಸಗಿ ಕಂಪನಿಗೆ ನೇರವಾಗಿ ತೆರೆದಿಲ್ಲ. ಕರ್ನಾಟಕದಲ್ಲಿ ಪೊಲೀಸ್ ಪರಿಶೀಲನೆಗೆ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಸಲ್ಲಿಸಬಹುದು.

ಮ್ಯಾಜಿಸ್ಟ್ರೇಟರ ಮುಂದೆ ನಡೆದ ಪ್ರಕರಣವಾದರೆ ಅದು ನ್ಯಾಯಾಲಯದ ದಾಖಲೆಯಲ್ಲಿ ಸಿಗುವ ಸಾಧ್ಯತೆ ಇದೆ. ಸಿಕ್ಕರೂ ವರದಿಯಲ್ಲಿ ಒಂದು ಸಾಲು ಬರುತ್ತದೆ, ಅದನ್ನು ಓದುವುದು ಮಾನವ ಸಂಪನ್ಮೂಲ ವಿಭಾಗದವರು. ಸಾಫ್ಟ್‌ವೇರ್ ಕಂಪನಿಯೊಂದು ಐನೂರು ರೂಪಾಯಿಯ ಹಳೆಯ ರೈಲ್ವೆ ದಂಡಕ್ಕಾಗಿ ಸಂದರ್ಶನದಲ್ಲಿ ಗೆದ್ದ ಅಭ್ಯರ್ಥಿಯನ್ನು ಬಿಡುವುದನ್ನು ನಾನು ಕಂಡಿಲ್ಲ. ಆದರೆ "ನಿಮ್ಮ ಮೇಲೆ ಯಾವುದಾದರೂ ಅಪರಾಧ ಸಾಬೀತಾಗಿದೆಯೇ?" ಎಂಬ ಪ್ರಶ್ನೆಗೆ "ಇಲ್ಲ" ಎಂದು ಬರೆದಿದ್ದು, ವರದಿಯಲ್ಲಿ "ಇದೆ" ಎಂದು ಬಂದರೆ ಅವರ ಕಣ್ಣು ದಂಡದ ಮೇಲಿರುವುದಿಲ್ಲ, ಆ "ಇಲ್ಲ"ದ ಮೇಲಿರುತ್ತದೆ.

ನನ್ನದೇ ಹೆಸರಿನ ಬೇರೊಬ್ಬರ ಪ್ರಕರಣ ನನ್ನ ವರದಿಯಲ್ಲಿ ಬಂದಿದೆ. ಏನು ಮಾಡಲಿ?

ಹೆಸರಿನಿಂದ ಹುಡುಕುವ ಪದ್ಧತಿಯ ದೊಡ್ಡ ದೋಷವೇ ಇದು. ನಮ್ಮಲ್ಲಿ ಮಂಜುನಾಥ, ರಮೇಶ, ಲಕ್ಷ್ಮಿ ಎಂಬ ಹೆಸರಿನವರು ಒಂದೊಂದು ತಾಲ್ಲೂಕಿನಲ್ಲಿ ಎಷ್ಟೋ ಜನ. ಇನಿಷಿಯಲ್ ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ. ವರದಿಯ ಪ್ರತಿಯನ್ನು ಬರಹದಲ್ಲಿ ಕೇಳಿ ಪಡೆಯಿರಿ. ಅದರಲ್ಲಿರುವ ಪ್ರಕರಣದ ಸಂಖ್ಯೆಯಿಂದ ಇ-ಕೋರ್ಟ್ಸ್‌ನಲ್ಲಿ ಆ ಪ್ರಕರಣವನ್ನು ತೆರೆದು, ತಂದೆಯ ಹೆಸರು, ವಯಸ್ಸು, ವಿಳಾಸ ನಿಮ್ಮದಲ್ಲವೆಂಬುದನ್ನು ನಿಮ್ಮ ದಾಖಲೆಗಳೊಂದಿಗೆ ಅಕ್ಕಪಕ್ಕ ಇಟ್ಟು ತೋರಿಸಿ. ಫೋನಿನಲ್ಲಿ ವಿವರಿಸಿ ಸುಮ್ಮನಾಗಬೇಡಿ, ಇಮೇಲ್ ಕಳುಹಿಸಿ.

ಸರ್ಕಾರಿ ನೌಕರಿಯ ದೃಢೀಕರಣ ನಮೂನೆಯಲ್ಲಿ ಏನು ಬರೆಯಬೇಕು?

ಇಡೀ ವಿಷಯದಲ್ಲಿ ಅತಿ ಹೆಚ್ಚು ಎಚ್ಚರಿಕೆ ಬೇಕಾದ ಜಾಗ ಇದು. ಕೇಂದ್ರ ಸರ್ಕಾರದ ನೌಕರಿಗಳಲ್ಲಿ ಆಯ್ಕೆಯ ನಂತರ ಕೊಡುವ ದೃಢೀಕರಣ ನಮೂನೆಯ ಮೇಲ್ಭಾಗದಲ್ಲೇ, ಸುಳ್ಳು ಮಾಹಿತಿ ಕೊಡುವುದು ಅಥವಾ ನಿಜಾಂಶವನ್ನು ಮುಚ್ಚಿಡುವುದು ಅನರ್ಹತೆಗೆ ಕಾರಣವಾಗುತ್ತದೆ ಎಂಬ ಎಚ್ಚರಿಕೆ ಅಚ್ಚಾಗಿರುತ್ತದೆ. ಒಳಗೆ ಸಾಲು ಸಾಲು ಪ್ರಶ್ನೆಗಳು. ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೇ? ನಿಮ್ಮ ಮೇಲೆ ಮೊಕದ್ದಮೆ ಹೂಡಲಾಗಿತ್ತೇ? ನ್ಯಾಯಾಲಯವು ನಿಮಗೆ ದಂಡ ವಿಧಿಸಿತ್ತೇ? ಅಪರಾಧಿಯೆಂದು ತೀರ್ಮಾನಿಸಿತ್ತೇ? ಈ ನಮೂನೆಯನ್ನು ತುಂಬುವ ಹೊತ್ತಿಗೆ ಯಾವುದಾದರೂ ಪ್ರಕರಣ ಬಾಕಿ ಇದೆಯೇ? ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಹೌದು ಅಥವಾ ಇಲ್ಲ ಎಂದು ಬರೆಯಬೇಕು.

"ನ್ಯಾಯಾಲಯವು ದಂಡ ವಿಧಿಸಿತ್ತೇ" ಎಂಬ ಮಾತುಗಳನ್ನು ಎರಡು ಸಲ ಓದಿ. ತಪಾಸಕರಿಗೆ ಹೆಚ್ಚುವರಿ ಶುಲ್ಕ ಕಟ್ಟಿ, 138ರ ರಸೀದಿ ಪಡೆದವರು ಇದಕ್ಕೆ "ಇಲ್ಲ" ಎಂದು ಬರೆಯುವುದು ಸುಳ್ಳಲ್ಲ, ಏಕೆಂದರೆ ನ್ಯಾಯಾಲಯ ಅವರಿಗೆ ಯಾವ ದಂಡವನ್ನೂ ವಿಧಿಸಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ನಿಂತು ಕಟ್ಟಿದವರು ಮಾತ್ರ, ಮೊತ್ತ ನೂರೇ ಆಗಿರಲಿ ಸಾವಿರವೇ ಆಗಿರಲಿ, "ಹೌದು" ಎಂದೇ ಬರೆಯಬೇಕು. "ಇಷ್ಟು ಸಣ್ಣದನ್ನು ಯಾರು ಕೇಳುತ್ತಾರೆ" ಎಂದು ಹೇಳುವ ಗೆಳೆಯರು ಎಲ್ಲರಿಗೂ ಇರುತ್ತಾರೆ. ನಮೂನೆಗೆ ಸಹಿ ಹಾಕುವವರು ಅವರಲ್ಲ, ನೀವು.

ರಾಜ್ಯ ಸರ್ಕಾರದ ನೇಮಕಾತಿಯಲ್ಲೂ ಅಭ್ಯರ್ಥಿಯ ಪೂರ್ವಾಪರ ಮತ್ತು ನಡತೆಯನ್ನು ಪೊಲೀಸರ ಮೂಲಕ ಪರಿಶೀಲಿಸಲಾಗುತ್ತದೆ. ಅಲ್ಲಿಯೂ ಪ್ರಶ್ನೆಯ ಮಾತುಗಳನ್ನು ಇಷ್ಟೇ ಗಮನವಿಟ್ಟು ಓದಬೇಕು.

ನ್ಯಾಯಾಲಯದಲ್ಲೇ ದಂಡ ಕಟ್ಟಿದ್ದೇನೆ, ಅದನ್ನು ಬರೆದೂ ಇದ್ದೇನೆ. ನೌಕರಿ ತಪ್ಪುತ್ತದೆಯೇ?

ಸಣ್ಣ ಅಪರಾಧಕ್ಕೆ ದೊಡ್ಡ ಶಿಕ್ಷೆ ಬೀಳಬಾರದೆಂಬ ಕಾಳಜಿಯನ್ನು ಸುಪ್ರೀಂ ಕೋರ್ಟ್ ಹಲವು ಸಲ ತೋರಿಸಿದೆ. 1996ರ ಪವನ್ ಕುಮಾರ್ ಮತ್ತು ಹರಿಯಾಣ ರಾಜ್ಯದ ನಡುವಿನ ಪ್ರಕರಣವನ್ನು ಈ ಚಿಂತೆಯಲ್ಲಿರುವ ಪ್ರತಿಯೊಬ್ಬರೂ ತಿಳಿದಿರಬೇಕು. ಕೆಳದರ್ಜೆಯ ನೌಕರನೊಬ್ಬ ಭಾರತೀಯ ದಂಡ ಸಂಹಿತೆಯ 294ನೇ ಕಲಮಿನ (ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲ ವರ್ತನೆ) ಕೆಳಗೆ ಸಂಕ್ಷಿಪ್ತ ವಿಚಾರಣೆಯಲ್ಲಿ ತಪ್ಪೊಪ್ಪಿಕೊಂಡು 20 ರೂಪಾಯಿ ದಂಡ ಕಟ್ಟಿದ್ದ. ಆ ಇಪ್ಪತ್ತು ರೂಪಾಯಿ ಅವನ ನೌಕರಿಯನ್ನೇ ನುಂಗಿತ್ತು. ಇಂಥ ತೀರ್ಪನ್ನು ನೈತಿಕ ಅಧಃಪತನದ, ಅಂದರೆ ವಂಚನೆಯಂತೆ ನಡತೆಗೇ ಕಳಂಕ ತರುವ, ಅಪರಾಧವೆಂದು ಕಣ್ಣುಮುಚ್ಚಿ ಪರಿಗಣಿಸಲಾಗದು ಎಂದ ನ್ಯಾಯಾಲಯ ಅವನ ಪರವಾಗಿ ತೀರ್ಪು ಕೊಟ್ಟಿತು. ಅಷ್ಟಕ್ಕೇ ನಿಲ್ಲದೆ, ಸುಮಾರು 2000 ರೂಪಾಯಿವರೆಗಿನ ದಂಡದ ಸಣ್ಣ ಪ್ರಕರಣಗಳನ್ನು ಸರ್ಕಾರಿ ಸೇವೆಗೆ ಸೇರುವ ಮತ್ತು ಅದರಲ್ಲಿ ಉಳಿಯುವ ವಿಷಯದಲ್ಲಿ ಅಪರಾಧ ನಿರ್ಣಯವೆಂದೇ ಎಣಿಸದಂತೆ ಸಂಸತ್ತು ಕಾನೂನು ಮಾಡುವುದು ಒಳ್ಳೆಯದೆಂದೂ ಹೇಳಿತು. ಟಿಕೆಟ್ಟಿನ ದಂಡ ಕಟ್ಟಿದವರಿಗೆ ಇದಕ್ಕಿಂತ ಹತ್ತಿರದ ಮಾತು ಇನ್ನೊಂದಿಲ್ಲ.

ಹಾಗೆಂದು ಇದು ನೌಕರಿಯ ಖಾತ್ರಿಯಲ್ಲ. ನಿಜ ಹೇಳಿದ ಮೇಲೂ ಅಭ್ಯರ್ಥಿಯ ಪೂರ್ವಾಪರವನ್ನು ತೂಗಿನೋಡುವ ಹಕ್ಕು ನೇಮಕಾತಿ ಪ್ರಾಧಿಕಾರಕ್ಕೆ ಇದ್ದೇ ಇರುತ್ತದೆ. ಪೊಲೀಸ್, ಸಶಸ್ತ್ರ ದಳಗಳಂಥ ಹುದ್ದೆಗಳಲ್ಲಿ ಈ ತೂಕ ಹೆಚ್ಚು ಬಿಗಿ. ಆದರೂ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಟಿಕೆಟ್ ಇಲ್ಲದೆ ಪ್ರಯಾಣಿಸಿ ಕಟ್ಟಿದ ದಂಡವನ್ನು ಮುಚ್ಚಿಡದೆ ಬರೆದವನನ್ನು ಅದೊಂದೇ ಕಾರಣಕ್ಕೆ ಹೊರಗಿಡುವುದು ನ್ಯಾಯವಲ್ಲ ಎಂದೇ ನನ್ನ ದೃಢವಾದ ಅಭಿಪ್ರಾಯ. ಹಾಗೆ ಹೊರಗಿಟ್ಟರೆ ಪ್ರಶ್ನಿಸಲು ಮೇಲಿನ ತೀರ್ಪು ಆಧಾರವಾಗುತ್ತದೆ.

ನಮೂನೆಯಲ್ಲಿ ಬರೆಯದೆ ಬಿಟ್ಟಿದ್ದೇನೆ. ಈಗೇನು ಗತಿ?

2016ರ ಜುಲೈ 21ರಂದು ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಮಾಹಿತಿ ಮುಚ್ಚಿಟ್ಟವರ ಬಗ್ಗೆ ನೇಮಕಾತಿ ಪ್ರಾಧಿಕಾರ ಹೇಗೆ ನಡೆದುಕೊಳ್ಳಬೇಕೆಂದು ವಿವರವಾದ ಸೂತ್ರಗಳನ್ನು ಕೊಟ್ಟಿದೆ. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣ, ಅಂದರೆ ಮೊದಲೇ ತಿಳಿಸಿದ್ದರೂ ಅಭ್ಯರ್ಥಿಯನ್ನು ಅನರ್ಹಗೊಳಿಸದಿದ್ದಂಥ ಸಣ್ಣ ಅಪರಾಧವಾಗಿದ್ದರೆ, ಅದನ್ನು ಮುಚ್ಚಿಟ್ಟದ್ದನ್ನು ಪ್ರಾಧಿಕಾರ ತನ್ನ ವಿವೇಚನೆಯಿಂದ ಮನ್ನಿಸಬಹುದು. ಇನ್ನೊಂದು ಸೂತ್ರ ನಮಗೆ ಅಷ್ಟೇ ಮುಖ್ಯ: ನಮೂನೆಯ ಪ್ರಶ್ನೆ ನಿರ್ದಿಷ್ಟವಾಗಿರಬೇಕು, ನಿರ್ದಿಷ್ಟವಾಗಿ ಕೇಳಿದ್ದನ್ನು ಮಾತ್ರ ಹೇಳುವ ಹೊಣೆ ಅಭ್ಯರ್ಥಿಯದು. ಮುಚ್ಚಿಟ್ಟನೆಂದು ದೂಷಿಸುವ ಮೊದಲು, ಆ ಸಂಗತಿ ಅವನಿಗೆ ತಿಳಿದಿತ್ತೇ ಎಂಬುದನ್ನೂ ನೋಡಬೇಕು.

ಆದ್ದರಿಂದ ತಪ್ಪು ಗಮನಕ್ಕೆ ಬಂದ ಕೂಡಲೇ, ಪೊಲೀಸರ ವರದಿ ಬರುವ ಮೊದಲೇ, ತಿದ್ದುಪಡಿ ಪತ್ರ ಕೊಡಿ. ಏಕೆ ಬಿಟ್ಟುಹೋಯಿತೆಂಬುದನ್ನು ಇದ್ದದ್ದು ಇದ್ದಂತೆ ಬರೆದು, ಪತ್ರ ತಲುಪಿದ್ದಕ್ಕೆ ಮೊಹರಿನ ಸಹಿ ಪಡೆಯಿರಿ. ಕಚೇರಿ ತಾನಾಗಿ ಕಂಡುಹಿಡಿದ ಮೇಲೆ ಕೊಡುವ ವಿವರಣೆಗೂ, ತಾನಾಗಿ ಬಂದು ಹೇಳಿದ ಮಾತಿಗೂ ಬೆಲೆಯಲ್ಲಿ ಬಹಳ ಅಂತರವಿದೆ.

ದಂಡವನ್ನು ಕಟ್ಟದೆ ಬಂದುಬಿಟ್ಟಿದ್ದೇನೆ. ತೊಂದರೆಯೇ?

ಹೌದು, ಮೇಲಿನ ಎಲ್ಲಕ್ಕಿಂತ ಇದು ಹೆಚ್ಚು ತೊಂದರೆಯದು. ಹೆಚ್ಚುವರಿ ಶುಲ್ಕ ಕಟ್ಟದವರಿಂದ ಅದನ್ನು ದಂಡದ ರೀತಿಯಲ್ಲೇ ವಸೂಲು ಮಾಡಿಕೊಡುವಂತೆ ಮ್ಯಾಜಿಸ್ಟ್ರೇಟರನ್ನು ಕೋರಲು 138ನೇ ಕಲಮಿನಲ್ಲಿ ಅವಕಾಶವಿದೆ. ಆಗಲೂ ಕಟ್ಟದಿದ್ದರೆ ಹತ್ತು ದಿನಕ್ಕೆ ಕಡಿಮೆಯಿಲ್ಲದಂತೆ ಒಂದು ತಿಂಗಳವರೆಗೆ ಕಾರಾಗೃಹವಾಸವಾಗಬಹುದು. ರಸೀದಿಯೊಂದಿಗೆ ಮುಗಿಯಬೇಕಿದ್ದ ವಿಷಯ ಹೀಗೆ ನ್ಯಾಯಾಲಯದ ದಾಖಲೆಗೆ ಸೇರುತ್ತದೆ. ಸಮನ್ಸ್ ಬಂದಿದ್ದರೆ ಹಾಜರಾಗಿ ಮುಗಿಸಿಕೊಳ್ಳಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯವನ್ನು ನೋಡದೆ ಅಲ್ಲಿ ಉಚಿತ ನೆರವು ಸಿಗುತ್ತದೆ.

ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುವ ಮೊದಲೇ ವಕೀಲರೊಂದಿಗೆ ಮಾತಾಡಲು ಸಾಧ್ಯವಾದರೆ, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ ಬಗ್ಗೆ ಕೇಳಿ. ಹಿಂದೆ ಯಾವ ಅಪರಾಧವೂ ಸಾಬೀತಾಗಿರದವರನ್ನು ದಂಡ ವಿಧಿಸದೆ ಬುದ್ಧಿ ಹೇಳಿ ಬಿಡಲು ಅದರ 3ನೇ ಕಲಮು ಅವಕಾಶ ಕೊಡುತ್ತದೆ. ಹಾಗೆ ಬಿಟ್ಟವರಿಗೆ ಅಪರಾಧ ನಿರ್ಣಯದಿಂದ ಅಂಟುವ ಅನರ್ಹತೆ ತಗಲುವುದಿಲ್ಲ ಎಂದು 12ನೇ ಕಲಮು ಹೇಳುತ್ತದೆ.

ತಪಾಸಕರೊಂದಿಗೆ ಜಗಳವಾಗಿತ್ತು. ಅದೂ ಇದರಲ್ಲೇ ಸೇರುತ್ತದೆಯೇ?

ಇಲ್ಲ, ಅದು ಬೇರೆಯೇ ವಿಷಯ, ಮತ್ತು ದೊಡ್ಡ ವಿಷಯ. ಕರ್ತವ್ಯದಲ್ಲಿರುವ ಸರ್ಕಾರಿ ನೌಕರರ ಮೇಲೆ ಕೈ ಮಾಡಿದರೆ ಹಳೆಯ ದಂಡ ಸಂಹಿತೆಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಮಿನ ಕೆಳಗೆ ಎಫ್‌ಐಆರ್ ದಾಖಲಾಗಬಹುದು. ಅದು ಪೊಲೀಸ್ ಪರಿಶೀಲನೆಯಲ್ಲಿ ಖಂಡಿತ ಕಾಣಿಸುತ್ತದೆ. ದಂಡ ತಪ್ಪೆಂದು ಅನ್ನಿಸಿದರೂ ಅಲ್ಲಿ ಕಟ್ಟಿ, ರಸೀದಿ ಪಡೆದು, ಆಮೇಲೆ ದೂರು ಕೊಡಿ.

ಅಣ್ಣನ ಪಾಸು ತೋರಿಸಿ ಪ್ರಯಾಣಿಸುವಾಗ ಸಿಕ್ಕಿಬಿದ್ದೆ. ಅದೂ ಸಣ್ಣ ತಪ್ಪೇ ಅಲ್ಲವೇ?

ಟಿಕೆಟ್ ಕೊಳ್ಳಲು ಸಮಯ ಸಿಗದೆ ಹತ್ತಿದವರಿಗೂ, ಬೇರೆಯವರ ಪಾಸು ತೋರಿಸಿದವರಿಗೂ, ಮೊಬೈಲಿನಲ್ಲಿ ಟಿಕೆಟ್ಟಿನ ದಿನಾಂಕ ತಿದ್ದಿದವರಿಗೂ ಕಾನೂನಿನ ಕಣ್ಣಿನಲ್ಲಿ ವ್ಯತ್ಯಾಸವಿದೆ. ಕೊನೆಯ ಇಬ್ಬರದು ವಂಚನೆ. ಟಿಕೆಟ್ ತಿದ್ದಿದರೆ ಖೋಟಾ ದಾಖಲೆಯ ಆರೋಪವೂ ಬರಬಹುದು, ಮತ್ತು ನೈತಿಕ ಅಧಃಪತನದ ಮಾತು ಬರುವುದು ಇಲ್ಲಿಯೇ. ಇಂಥ ಪ್ರಕರಣವಿದ್ದವರು ನಮೂನೆ ತುಂಬುವ ಮೊದಲು ವಕೀಲರನ್ನು ಕಾಣುವುದು ಒಳಿತು.

ಆಗ ನನಗೆ ಹದಿನೇಳು ವರ್ಷ.

ಹದಿನೆಂಟು ತುಂಬದವರ ವಿಷಯದಲ್ಲಿ 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮು ರಕ್ಷಣೆ ಕೊಡುತ್ತದೆ. ಆ ವಯಸ್ಸಿನ ಸಣ್ಣ ಅಪರಾಧದಿಂದ ಮುಂದೆ ಯಾವ ಅನರ್ಹತೆಯೂ ಅಂಟಬಾರದು ಎಂಬುದು ಅದರ ತಾತ್ಪರ್ಯ.

ಪಾಸ್‌ಪೋರ್ಟಿಗೆ ತೊಂದರೆಯಾಗುತ್ತದೆಯೇ?

1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅಪರಾಧ ನಿರ್ಣಯದ ಕಾರಣಕ್ಕೆ ಪಾಸ್‌ಪೋರ್ಟ್ ನಿರಾಕರಿಸಲು, ಹಿಂದಿನ ಐದು ವರ್ಷಗಳಲ್ಲಿ ನೈತಿಕ ಅಧಃಪತನದ ಅಪರಾಧಕ್ಕೆ ಕನಿಷ್ಠ ಎರಡು ವರ್ಷಗಳ ಶಿಕ್ಷೆಯಾಗಿರಬೇಕು. ಟಿಕೆಟ್ಟಿನ ದಂಡ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಪ್ರಕರಣ ನ್ಯಾಯಾಲಯದಲ್ಲಿ ಬಾಕಿ ಉಳಿದಿದ್ದರೆ ಅದು ಬೇರೆ ಅಡ್ಡಿ. ಹಳೆಯ ಸಮನ್ಸನ್ನು ಮರೆತು ಕೂತವರು ಇಲ್ಲಿ ಎಡವುತ್ತಾರೆ.

ಲಂಡನ್ನಿನಲ್ಲಿ ಓದುತ್ತಿದ್ದೇನೆ. ಅಲ್ಲಿ ರೈಲಿನಲ್ಲಿ ದಂಡ ಬಿದ್ದಿದೆ.

ಅಲ್ಲಿಯೂ ಎರಡು ದಾರಿಗಳಿವೆ. ಪೆನಾಲ್ಟಿ ಫೇರ್ ಎಂಬುದು ಅಪರಾಧವಲ್ಲ. ಲಂಡನ್ ಸಾರಿಗೆಯಲ್ಲಿ ಅದು 100 ಪೌಂಡ್, 21 ದಿನಗಳೊಳಗೆ ಕಟ್ಟಿದರೆ 50 ಪೌಂಡ್. ಆದರೆ ದರ ತಪ್ಪಿಸುವ ಉದ್ದೇಶವಿತ್ತೆಂದು 1889ರ ರೈಲ್ವೆ ನಿಯಂತ್ರಣ ಕಾಯ್ದೆಯ ಕೆಳಗೆ ಮೊಕದ್ದಮೆ ಹೂಡಿ ಗೆದ್ದರೆ ಅದು ಅಪರಾಧ ನಿರ್ಣಯವಾಗುತ್ತದೆ. ವಯಸ್ಕರಿಗೆ ದಂಡದ ಶಿಕ್ಷೆ ಒಂದು ವರ್ಷದ ನಂತರ ಗತಿಸಿದ್ದೆಂದು ಎಣಿಕೆಯಾಗಿ, ಸಾಮಾನ್ಯ ನೌಕರಿಗಳ ಮೂಲ ಪರಿಶೀಲನೆಯಲ್ಲಿ ಕಾಣಿಸುವುದಿಲ್ಲ. ವೀಸಾ ಅರ್ಜಿಯ ಪ್ರಶ್ನೆಗೆ ಮಾತ್ರ ಈ ರಿಯಾಯಿತಿಯನ್ನು ನಂಬಿ ಉತ್ತರಿಸಬೇಡಿ, ಪ್ರಶ್ನೆ ಏನು ಕೇಳಿದೆಯೋ ಅದಕ್ಕೆ ಪೂರ್ಣವಾಗಿ ಉತ್ತರಿಸಿ. ರೈಲು ಕಂಪನಿಗಳು ಕಳುಹಿಸುವ ಪತ್ರಗಳನ್ನು ತೆರೆಯದೆ ಇಡುವುದು ವಿದ್ಯಾರ್ಥಿಗಳು ಮಾಡುವ ದೊಡ್ಡ ತಪ್ಪು. ಅಲ್ಲಿನ ಒಂದು ತ್ವರಿತ ವಿಧಾನದಲ್ಲಿ ನೀವು ಹಾಜರಿಲ್ಲದೆಯೇ, ಕಾಗದಪತ್ರದ ಮೇಲೆಯೇ ತೀರ್ಪಾಗುತ್ತಿತ್ತು. ಆ ವಿಧಾನವನ್ನು ಅಧಿಕಾರವಿಲ್ಲದ ಕಡೆ ಬಳಸಿದ್ದಕ್ಕಾಗಿ 2024ರ ಆಗಸ್ಟ್‌ನಲ್ಲಿ ಸುಮಾರು 74,000 ರೈಲ್ವೆ ಮೊಕದ್ದಮೆಗಳು ಅಸಿಂಧುವಾಗಲು ದಾರಿಯಾಯಿತು. ಹಳೆಯ ತೀರ್ಪು ನಿಮ್ಮ ಮೇಲಿದ್ದರೆ ಅದು ಆ ಗುಂಪಿಗೆ ಸೇರಿತ್ತೇ ಎಂದು ವಿಚಾರಿಸಿ.

"ಹೌದು" ಎಂದು ಬರೆಯಬೇಕಾದರೆ ವಿವರವನ್ನು ಹೇಗೆ ಬರೆಯಲಿ?

ಕಡಿಮೆ ಮಾತಿನಲ್ಲಿ, ದಿನಾಂಕ ಮತ್ತು ಕಲಮಿನೊಂದಿಗೆ, ಯಾರನ್ನೂ ದೂರದೆ ಬರೆಯಿರಿ. ಉದಾಹರಣೆಗೆ: "ಪದವಿಯ ಎರಡನೆಯ ವರ್ಷದಲ್ಲಿ ಓದುತ್ತಿದ್ದಾಗ ಮಾಸಿಕ ಪಾಸಿನ ಅವಧಿ ಹಿಂದಿನ ದಿನ ಮುಗಿದಿದ್ದು ಗಮನಕ್ಕೆ ಬಾರದೆ ರೈಲಿನಲ್ಲಿ ಪ್ರಯಾಣಿಸಿದ್ದೆ. ಇಂಥ ದಿನಾಂಕದಂದು ರೈಲ್ವೆ ಕಾಯ್ದೆಯ 137ನೇ ಕಲಮಿನ ಕೆಳಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯವು 500 ರೂಪಾಯಿ ದಂಡ ವಿಧಿಸಿತು. ಅದೇ ದಿನ ಕಟ್ಟಿದ್ದೇನೆ. ಬೇರಾವ ಪ್ರಕರಣವೂ ನನ್ನ ಮೇಲಿಲ್ಲ." ಇದರ ಜೊತೆಗೆ ರಸೀದಿಯ ಪ್ರತಿ, ಸಿಕ್ಕರೆ ನ್ಯಾಯಾಲಯದ ಆದೇಶದ ದೃಢೀಕೃತ ನಕಲನ್ನು ಲಗತ್ತಿಸಿ. ದೃಢೀಕೃತ ನಕಲಿಗೆ ಆ ನ್ಯಾಯಾಲಯದ ನಕಲು ಶಾಖೆಯಲ್ಲಿ ಅರ್ಜಿ ಕೊಡಬೇಕು. ಅದು ಕೈಗೆ ಬರಲು ದಿನಗಳು ಹಿಡಿಯುವುದರಿಂದ, ಆಯ್ಕೆ ಪಟ್ಟಿಯಲ್ಲಿ ಹೆಸರು ಕಂಡ ವಾರವೇ ಅರ್ಜಿ ಹಾಕಿ. ತುಂಬಿದ ನಮೂನೆಯ ಪ್ರತಿಯೊಂದು ಪುಟದ ನಕಲನ್ನೂ ನಿಮ್ಮ ಬಳಿ ಇಟ್ಟುಕೊಳ್ಳಿ. ಮುಂದೆ ಬಡ್ತಿಗೋ ಬೇರೆ ಇಲಾಖೆಗೋ ಮತ್ತೊಂದು ನಮೂನೆ ತುಂಬುವಾಗ ಎರಡೂ ಕಡೆ ಒಂದೇ ಮಾತು ಇರಬೇಕಾಗುತ್ತದೆ.